ತವರಿಗೆ ಹೋದವರ ಲೆಕ್ಕ

ಕೈಯಲ್ಲಿ ಒಂದು ಪ್ಯಾಡು, ಕೊರಳಲ್ಲಿ ಒಂದು ಗುರುತಿನ ಚೀಟಿ ಇದ್ದರೆ ಸಾಕು, ನಮ್ಮ ಕಡೆಯ ಹಳ್ಳಿಗಳಲ್ಲಿ ನೀವು ಯಾರೆಂದು ಕೇಳುವುದಿಲ್ಲ, ಅವರೇ ಹೇಳಿಬಿಡುತ್ತಾರೆ. ದೊಡ್ಡಬಳ್ಳಾಪುರದ ಸುತ್ತಮುತ್ತ ಮನೆ ಮನೆ ಸಮೀಕ್ಷೆ ಮಾಡಿಕೊಂಡೇ ಬದುಕಿದವಳು ನಾನು. ರೇಷನ್ ಕಾರ್ಡಿನವಳು, ಓಟಿನ ಪಟ್ಟಿಯವಳು, ಪೋಲಿಯೊದವಳು, ಸೊಳ್ಳೆಯವಳು, ಎಲ್ಲವೂ ಆಗಿದ್ದೇನೆ. ಒಂದು ಮನೆಯಲ್ಲಂತೂ ನನ್ನನ್ನು ಕಂಡ ಕೂಡಲೇ ಹಸುವಿನ ಮೂಗುದಾರ ಹಿಡಿದು ನಿಲ್ಲಿಸಿದರು, ಕಾಲುಬಾಯಿ ಜ್ವರಕ್ಕೆ ಸೂಜಿ ಹಾಕಲು ಬಂದಿದ್ದೇನೆ ಅಂದುಕೊಂಡು. ನಾನು ಬೇಡ ಅಂದಿದ್ದಕ್ಕೆ ಅವರಿಗೆ ಬೇಸರವೂ ಆಯಿತು.

ಈಗ ಹೇಳಹೊರಟಿರುವುದು ಕ್ಯಾನ್ಸರಿನ ಸಮೀಕ್ಷೆಯ ವಿಷಯ. ಒಂದು ವೈದ್ಯಕೀಯ ಕಾಲೇಜಿನವರು ಮಾಡಿಸಿದ್ದು. ಅದರ ಉಸ್ತುವಾರಿ ಒಬ್ಬ ಡಾಕ್ಟರಮ್ಮನದು, ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ದೊಡ್ಡಬಳ್ಳಾಪುರದ ಕಡೆಯ ಒಂದು ಊರು, ಹೆಸರು ಬೇಡ. ಊರಾಚೆ ಎಂದೋ ಬಾಗಿಲು ಹಾಕಿದ ಒಂದು ಕಾರ್ಖಾನೆ. ಅದರ ಹಿಂದೆ ದೊಡ್ಡ ಗುಂಡಿ, ಗುಂಡಿಯ ತುಂಬ ತುಕ್ಕು ಹಿಡಿದ ಪೀಪಾಯಿಗಳು. ಮಳೆ ಬಂದಾಗ ಅಲ್ಲಿಯ ನೀರು ಇಳಿದು ಊರ ಕುಂಟೆ ಸೇರುತ್ತಿತ್ತು. ಕುಂಟೆಯ ಪಕ್ಕದಲ್ಲೇ ಊರಿನ ಬೋರ್‌ವೆಲ್. ಆ ನೀರನ್ನು ದನ ಮೂಸಿ ನೋಡಿ ಬಿಟ್ಟುಬಿಡುತ್ತಿದ್ದವು. ಜನ ಕುಡಿಯುತ್ತಿದ್ದರು, ಬೇರೆ ಇರಲಿಲ್ಲ.

ಊರಲ್ಲಿ ಗಡ್ಡೆ ಕಾಯಿಲೆ ಜಾಸ್ತಿ ಎಂದು ಅವರಿವರು ಅರ್ಜಿ ಕೊಟ್ಟಿದ್ದರು. ಜಾಸ್ತಿ ಅಂದರೆ ಯಾವುದಕ್ಕಿಂತ ಜಾಸ್ತಿ ಎಂದು ಮೇಲಿನವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿ ಇನ್ನೊಂದು ಊರನ್ನು ಆರಿಸಿದರು, ದೇವನಹಳ್ಳಿ ದಾಟಿ ವಿಜಯಪುರದ ಆಚೆ. ಅಲ್ಲಿ ಕಾರ್ಖಾನೆ ಇಲ್ಲ, ಗುಂಡಿ ಇಲ್ಲ. ಅದೇ ರಾಗಿ, ಅದೇ ಹಾಲಿನ ಡೇರಿ, ಅದೇ ಜನ. ಎರಡೂ ಊರಲ್ಲಿ ಪ್ರತಿ ಮನೆಗೂ ಹೋಗಿ ಯಾರಿಗೆ ಕ್ಯಾನ್ಸರ್ ಬಂದಿದೆ, ಯಾರು ಅದರಿಂದ ಸತ್ತಿದ್ದಾರೆ ಎಂದು ಬರೆದುಕೊಂಡು ಹೋಲಿಸಿ ನೋಡುವುದು. ಗುಂಡಿಯ ಊರಲ್ಲಿ ಹೆಚ್ಚು ಕಂಡರೆ ಬೋರ್‌ವೆಲ್ ಮುಚ್ಚಿ ಬೇರೆ ನೀರು ಕೊಡುವುದು, ಪೀಪಾಯಿ ತೆಗೆಸುವ ಮಾತು ಶುರುಮಾಡುವುದು. ಕಾಣದಿದ್ದರೆ ಫೈಲು ಮುಚ್ಚುವುದು. ಆ ಊರಿನ ಮಕ್ಕಳು ಯಾವ ನೀರು ಕುಡಿಯುತ್ತವೆ ಎನ್ನುವುದು ನಮ್ಮ ಫಾರಂಗಳ ಮೇಲೆ ನಿಂತಿತ್ತು.

ತರಬೇತಿಯಲ್ಲಿ ಮೇಡಂ ಒಂದೇ ಮಾತನ್ನು ಮೂರು ಸಲ ಹೇಳಿದರು. “ಫಾರಂನಲ್ಲಿ ಇರೋದನ್ನ ಮಾತ್ರ ಕೇಳಿ. ಹರಟೆ ಬೇಡ, ಸಲಹೆ ಬೇಡ, ಅಯ್ಯೋ ಪಾಪ ಅನ್ನೋದೂ ಬೇಡ.” ಹೇಳುವಾಗ ನನ್ನನ್ನೇ ನೋಡಿದರು. ನನ್ನ ಬಾಯಿ ಸ್ವಲ್ಪ ಜೋರು, ಹಿಂದಿನ ಸಮೀಕ್ಷೆಯೊಂದರಲ್ಲಿ ಉತ್ತರ ನಾನೇ ಹೇಳಿಕೊಟ್ಟೆ ಎಂದು ದೂರಿತ್ತು. ನನಗೂ ರೋಷ ಬಂತು. ಸರಿ, ಈ ಸಲ ತುಟಿ ಹೊಲಿದುಕೊಂಡೇ ಕೆಲಸ ಮಾಡುತ್ತೇನೆ ಅಂದುಕೊಂಡೆ, ಹಾಗೆಯೇ ಮಾಡಿದೆ.

ಕ್ಯಾನ್ಸರ್ ಅನ್ನುವ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಡ್ಡೆ ಅನ್ನುತ್ತಾರೆ, ದೊಡ್ಡ ಕಾಯಿಲೆ ಅನ್ನುತ್ತಾರೆ, ಬರೀ ‘ಅದು’ ಅನ್ನುವವರೂ ಇದ್ದಾರೆ. ಆಸ್ಪತ್ರೆಯ ಫೈಲು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ಟ್ರಂಕಿನ ತಳದಲ್ಲಿ ಇರುತ್ತದೆ. ಅದನ್ನು ತರಲು ಒಳಗೆ ಹೋದವರು ಮೊದಲು ಬೀದಿ ಬಾಗಿಲು ಮುಂದಕ್ಕೆ ಮಾಡಿ ಹೋಗುತ್ತಾರೆ. ನಾನು ಫೈಲು ನೋಡಿ ಬರೆದುಕೊಳ್ಳುತ್ತಿದ್ದೆ, ಸಹಿ ಹಾಕಿಸಿಕೊಳ್ಳುತ್ತಿದ್ದೆ, ಪಕ್ಕದ ಮನೆಗೆ ಹೋಗುತ್ತಿದ್ದೆ.

ಗುಂಡಿಗೆ ತೀರ ಹತ್ತಿರದ ಒಂದು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅಜ್ಜಿ ಅಂದರೆ ಮುದುಕಿಯೇನಲ್ಲ, ಇಬ್ಬರು ಮೊಮ್ಮಕ್ಕಳಿದ್ದರು ಅಷ್ಟೆ. ನಮ್ಮಲ್ಲಿ ರೇಷನ್ ಕಾರ್ಡು ಹೆಂಗಸಿನ ಹೆಸರಲ್ಲಿ ಇರುತ್ತದಲ್ಲ, ಹಾಗಾಗಿ ಫಾರಂನ ಮಟ್ಟಿಗೆ ಅವರೇ ಮನೆಯ ಯಜಮಾನಿ. ಯಜಮಾನಿಕೆ ಬರೀ ಕಾರ್ಡಿನಲ್ಲಷ್ಟೇ ಅಲ್ಲ ಎಂದು ಅವರ ಧ್ವನಿಯಲ್ಲೇ ತಿಳಿಯುತ್ತಿತ್ತು.

“ಮನೇಲಿ ಯಾರ್‌ಯಾರಿದೀರಿ?”

“ನಾನು, ನನ್ ಮಗ, ಎಲ್ಡು ಹೆಣ್ಮಕ್ಳು.”

“ಸೊಸೆ?”

“ತವರಿಗೆ ಹೋಗವ್ಳೆ.”

“ಎಷ್ಟು ದಿನ ಆಯ್ತು?”

“ಆಯ್ತು, ಏಳೆಂಟು ತಿಂಗ್ಳು.”

ಆರು ತಿಂಗಳಿಗಿಂತ ಹೆಚ್ಚು ಕಾಲ ಮನೆಯಲ್ಲಿ ಇಲ್ಲದವರನ್ನು ಆ ಮನೆಯವರೆಂದು ಲೆಕ್ಕ ಹಿಡಿಯಬಾರದು. ಅವರು ಎಲ್ಲಿದ್ದಾರೋ ಆ ಊರಿನ ಲೆಕ್ಕ. ನಿಯಮ ಹಾಗೆ. ನಾನು ಸೊಸೆಯ ಸಾಲಿನ ಮೇಲೆ ಗೆರೆ ಎಳೆದೆ. ಗಂಡಹೆಂಡತಿಗೆ ಜಗಳವಿರಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಕೇಳಲಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯೇ ಎಂಬ ಪ್ರಶ್ನೆಗೆ ಅಜ್ಜಿ, “ದೇವ್ರು ದೊಡ್ಡೋನು, ನಮ್ಮನೇಲಿ ಅಂಥದೇನೂ ಇಲ್ಲ ಕಣವ್ವ,” ಅಂದರು. ಮಗ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ. ಇಲ್ಲ ಎಂದು ಬರೆದೆ.

ಒಂದು ತಿಂಗಳ ಮೇಲೆ ವಿಜಯಪುರದ ಆಚೆಯ ಊರಿನ ಸರದಿ. ಅಲ್ಲಿ ಒಂದು ಮನೆಯ ಜಗಲಿಯಲ್ಲಿ ಹೆಂಗಸೊಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಕೂದಲು ಉದುರಿದ ತಲೆಗೆ ಟವೆಲ್ಲು ಸುತ್ತಿದ್ದಳು. ಮೂವತ್ತೈದು ದಾಟಿದ್ದಿರಬಹುದು, ಮನೆ ಅವಳ ಅಮ್ಮನದು. ಎದೆಯ ಗಡ್ಡೆ, ಆಪರೇಷನ್ ಆಗಿತ್ತು, ಮತ್ತೆ ಬಂದಿತ್ತು. ಫೈಲನ್ನು ಅವಳೇ ನೀಟಾಗಿ ಜೋಡಿಸಿಟ್ಟಿದ್ದಳು, ಯಾವ ಹಾಳೆಯ ಹಿಂದೆ ಯಾವುದು ಎಂದು ನನಗೇ ತೋರಿಸಿಕೊಟ್ಟಳು. ಎಷ್ಟು ತಿಂಗಳಿಂದ ಈ ಮನೆಯಲ್ಲಿದ್ದೀಯ ಎಂದು ಕೇಳಿದೆ. ಆರು ದಾಟಿತ್ತು. ಆ ಊರಿನ ಲೆಕ್ಕಕ್ಕೆ ಬರೆದುಕೊಂಡು ಎದ್ದೆ.

ನಮ್ಮ ಸೀಮೆಯಲ್ಲಿ ಇಬ್ಬರು ಹೆಂಗಸರು ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಮೊದಲು ಕೇಳುವ ಮಾತು ಒಂದೇ, ತವರು ಯಾವೂರು, ಯಾವೂರಿಗೆ ಕೊಟ್ಟವ್ರೆ. ಹೆಸರು ಆಮೇಲೆ. ಕೊರಳಲ್ಲಿ ತಾಳಿ ಇರುವ ಹೆಂಗಸು ಅಮ್ಮನ ಜಗಲಿಯ ಮೇಲೆ ಕೂತಿದ್ದಾಳೆ ಅಂದರೆ ಆ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ. ನನಗೂ ಬಂದಿತ್ತು. ಫಾರಂನಲ್ಲಿ ಇಲ್ಲ ಎಂದು ನುಂಗಿಕೊಂಡೆ. ನುಂಗಿಕೊಂಡಿದ್ದಕ್ಕೆ ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆ.

ಎರಡೂ ಊರು ಮುಗಿಯಿತು. ಮೇಡಂ ಲೆಕ್ಕ ಹಾಕಿದರು. “ಅಂಥ ವ್ಯತ್ಯಾಸ ಏನೂ ಕಾಣ್ತಾ ಇಲ್ಲ,” ಅಂದರು. ಅವರಿಗೂ ಆಶ್ಚರ್ಯವೇ. ಆದರೆ ಆಶ್ಚರ್ಯವನ್ನು ವರದಿಯಲ್ಲಿ ಬರೆಯಲಾಗುತ್ತದೆಯೇ? ಆ ಕುಂಟೆಯ ವಾಸನೆ ಕುಡಿದು ಬಂದ ನನಗೆ ಮಾತ್ರ ಮೈ ಉರಿಯಿತು. ಕಣ್ಣಿಗೆ ಕಂಡದ್ದು ಲೆಕ್ಕಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ. “ಕಣ್ಣಿಗೆ ಕಾಣೋದೆಲ್ಲ ನಿಜ ಆಗಿದ್ರೆ ನಾವು ಓದೋದೇ ಬೇಡಾಗಿತ್ತು,” ಅಂದರು. ವರದಿ ಬರೆಯುವ ಮೊದಲು ಸಹಿ ಬಿಟ್ಟುಹೋದ ಫಾರಂಗಳನ್ನು ಸರಿಮಾಡಿಸಿಕೊಂಡು ಬನ್ನಿ ಎಂದು ಒಂದು ಕಟ್ಟು ಕೊಟ್ಟರು.

ಆ ಕಟ್ಟಿನಲ್ಲಿ ಜಗಲಿಯ ಹೆಂಗಸಿನದೂ ಇತ್ತು. ಒಂದು ಹಾಳೆಗೆ ಸಹಿ ಹಾಕಿಸಿರಲಿಲ್ಲ. ಭಾನುವಾರವಾದರೆ ಜನ ಮನೆಯಲ್ಲಿರುತ್ತಾರೆ ಎಂದು ಬೆಳಿಗ್ಗೆ ಸರ್ಕಾರಿ ಬಸ್ಸು ಹತ್ತಿ ಹೋದೆ.

ಅವರ ಮನೆ ಮುಂದಿನ ನಲ್ಲಿಯಲ್ಲಿ ಒಬ್ಬ ಗಂಡಸು ದೊಡ್ಡ ಕ್ಯಾನುಗಳಿಗೆ ನೀರು ಹಿಡಿಯುತ್ತಿದ್ದ. ತುಂಬಿದ ಎರಡನ್ನು ಸ್ಕೂಟರಿನ ಹಿಂದೆ ಹಗ್ಗ ಹಾಕಿ ಕಟ್ಟಿ, ಮೂರನೆಯದನ್ನು ಕಾಲ ಹತ್ತಿರ ಇಡುತ್ತಿದ್ದ. ತಲೆಯೆತ್ತಿದ. ಎಲ್ಲಿ ನೋಡಿದ್ದೇನೆ ಈ ಮುಖ ಎಂದು ಒಂದು ಕ್ಷಣ ತಡವರಿಸಿದೆ. ಗುಂಡಿಯ ಪಕ್ಕದ ಮನೆಯ ಮಗ. ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದವನು.

“ನೀವೇನ್ರೀ ಇಲ್ಲಿ?” ಅಂದೆ.

“ನಮ್ಮನೆಯವ್ರು ಇಲ್ಲೇ ಇರೋದು ಮೇಡಂ. ವಾರ ವಾರ ಬತ್ತೀನಿ. ಮಕ್ಳಿಗೆ ಕುಡಿಯೋಕೆ ಇಲ್ಲಿಂದ ನೀರು ತಗೊಂಡೋಗು ಅಂತಾಳೆ.” ಜಗಲಿಯ ಕಡೆ ತೋರಿಸಿದ. “ಬುಧವಾರದ ತನಕ ಬತ್ತದೆ. ಆಮೇಲೆ ಅದೇ ಬೋರ್ ನೀರು.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳನ್ನು ಗುಂಡಿಯ ಊರಿನ ಫಾರಂನಲ್ಲಿ ಗೆರೆ ಎಳೆದು ತೆಗೆದವಳು ನಾನು. ಗುಂಡಿ ಇಲ್ಲದ ಊರಿನಲ್ಲಿ ಸೇರಿಸಿದವಳೂ ನಾನು. ಮದುವೆಯಾದಾಗಿನಿಂದ ಆ ನೀರು ಕುಡಿದವಳು ಈ ಒಳ್ಳೆಯ ನೀರಿನ ಊರಿನ ಕಾಯಿಲೆಯವಳಾಗಿದ್ದಳು. ಇವಳೊಬ್ಬಳೇ ಇರಲಾರಳು ಎಂದು ಆಗಲೇ ಹೊಳೆಯಿತು. ಆ ಊರಿಗೂ ಈ ಊರಿಗೂ ತಲೆಮಾರಿನಿಂದ ಹೆಣ್ಣು ಕೊಟ್ಟು ತರುವ ನಂಟು. ಸೊಸೆಗೆ ಕಾಯಿಲೆ ಜೋರಾದರೆ ತವರಿಗೆ ಕಳಿಸುವುದು ನಮ್ಮಲ್ಲಿ ಇದ್ದದ್ದೇ. ಅಮ್ಮ ನೋಡಿಕೊಂಡ ಹಾಗೆ ಅತ್ತೆ ನೋಡಿಕೊಳ್ಳಲಾರಳು ಎಂಬುದು ಬಾಯಿಬಿಟ್ಟು ಹೇಳುವ ಕಾರಣ. ಬೆಳೆದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಆ ಕಾಯಿಲೆ ಕಾಣಬಾರದು ಎಂಬುದು ಬಾಯಿಬಿಡದ ಕಾರಣ. ಇದೆಲ್ಲ ಗೊತ್ತಿಲ್ಲದವರು ಡಾಕ್ಟರಮ್ಮನವರು, ಸರಿ. ನನಗೆ ಗೊತ್ತಿತ್ತಲ್ಲ! ನಾಚಿಕೆಯಾಯಿತು, ಅವಳ ಮುಖ ನೋಡಲಾಗದಷ್ಟು.

ಕೊನೆಗೂ ಕೇಳಿದೆ, ನಿನ್ನ ಕಾಯಿಲೆಯನ್ನು ಯಾವ ಊರಿಗೆ ಬರೆದುಕೊಂಡಿದ್ದೇನೆ ಗೊತ್ತಾ ಎಂದು. ವಿಷಯ ವಿವರಿಸಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, “ಅಲ್ಲಕ್ಕಾ, ನಾನಿಲ್ಲಿ ಸಾಯಕ್ ಬಂದಿರೋಳು. ಕಾಯಿಲೆ ಅಲ್ಲಿಂದ ತಂದಿದ್ದು. ನನ್ನ ಆ ಊರಿಗೆ ಬರ್ಕೊಳಿ,” ಅಂದಳು. ಸ್ಕೂಟರಿನ ಕಡೆ ನೋಡಿ, “ಈವಪ್ಪ ಎಷ್ಟು ದಿನ ಅಂತ ನೀರು ಹೊರ್ತಾನೆ? ನಾನಿರೋ ತನಕ ಬತ್ತಾನೆ. ಆಮೇಲೆ ಮಕ್ಳು ಅದನ್ನೇ ಕುಡೀಬೇಕಲ್ವಾ?” ಅಂದಳು.

ಮೇಡಂ ಹತ್ತಿರ ದೊಡ್ಡ ಜಗಳವೇ ಆಯಿತು. ಒಬ್ಬಳನ್ನು ತವರೂರಿಂದ ಕಿತ್ತು ಗುಂಡಿಯ ಊರಿಗೆ ಹಾಕಿ ಎಂದು ನಾನು. ಫಲಿತಾಂಶ ನೋಡಿದ ಮೇಲೆ ನಮಗೆ ಬೇಕಾದ ಒಬ್ಬಳನ್ನು ಜಾಗ ಬದಲಿಸಿದರೆ ಅದು ಮೋಸ ಎಂದು ಅವರು. ಎದ್ದು ಬರುವವಳಿದ್ದೆ. “ಕೂತ್ಕೊಳ್ಳಿ,” ಅಂದರು. ನಿಯಮದ ಹಾಳೆ ತೆಗೆದು ಮತ್ತೆ ಓದಿ, “ನಿಯಮ ಮಾಡಿದ್ದು ನಾನು. ಆರು ತಿಂಗಳು ಅಂತ ಬರೆಯೋವಾಗ ಈ ಪದ್ಧತಿ ನನ್ನ ತಲೆಗೆ ಬರಲಿಲ್ಲ. ತಪ್ಪು ನನ್ನದು, ನಿಮ್ಮದಲ್ಲ,” ಅಂದರು. ಅಷ್ಟು ಓದಿದವರು ಅಷ್ಟು ನೇರವಾಗಿ ಹೇಳಿದ್ದು ನಾನು ಅದೇ ಮೊದಲು ಕೇಳಿದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ.

ದಾರಿ ಒಂದೇ ಇತ್ತು. ಎರಡೂ ಊರಿನ ಎಲ್ಲ ಮನೆಗೂ ಮತ್ತೆ ಹೋಗಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಕು, ಹುಟ್ಟಿದಾಗಿನಿಂದ ಯಾವ ಊರಲ್ಲಿ ಎಷ್ಟು ವರ್ಷ ಇದ್ದಿರಿ ಎಂದು. ಗುಂಡಿಯ ಊರಿಗೆ ಮದುವೆಯಾಗಿ ಹೋದವರದನ್ನೂ, ಅಲ್ಲಿಂದ ಮದುವೆಯಾಗಿ ಬಂದವರದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಬಾಯಿಮಾತು ಸಾಲದು. ಇಷ್ಟು ವರ್ಷ ಇದ್ದದ್ದು ನಿಜ ಎಂದು ಆ ಮನೆಯ ರೇಷನ್ ಕಾರ್ಡಿನ ಯಜಮಾನಿ ಸಹಿ ಹಾಕಬೇಕು.

ಹೊರಟೆವು. “ಮತ್ತೆ ಬಂದ್ಯಾ?” ಎಂದು ಎಲ್ಲ ಮನೆಯಲ್ಲೂ ನಕ್ಕರು. ಈ ಸಲ ಮಾತ್ರ ನಾನು ಕೂತು ಕೇಳಿದೆ. ತವರು ಯಾವೂರು, ಯಾವೂರಿಗೆ ಕೊಟ್ಟವ್ರೆ. ಮೊದಲು ಮೂರು ನಿಮಿಷದಲ್ಲಿ ಮುಗಿಯುತ್ತಿದ್ದ ಮನೆಗೆ ಈಗ ಕಾಫಿ ಕುಡಿಯುವಷ್ಟು ಹೊತ್ತಾಗುತ್ತಿತ್ತು. ಒಬ್ಬೊಬ್ಬರಾಗಿ ಸಿಕ್ಕತೊಡಗಿದರು, ಅಮ್ಮನ ಮನೆಯಲ್ಲಿ ಮಲಗಿದ್ದವರು, ಅಣ್ಣನ ಮನೆಯಲ್ಲಿ ಸತ್ತವರು. ಎಷ್ಟು ಜನ ಎಂದು ಇಲ್ಲಿ ಬರೆಯುವುದಿಲ್ಲ, ಅದು ವರದಿಯಲ್ಲಿದೆ. ಕೊನೆಗೆ ಏನಾಯಿತು ಎಂದು ತವಕ ಪಡುವವರಿಗೆ ಈಗಲೇ ಹೇಳಿಬಿಡುತ್ತೇನೆ. ವ್ಯತ್ಯಾಸ ಕಂಡಿತು. ಇದಕ್ಕೆ ಕಾರಣ ಗುಂಡಿಯೇ ಎಂದು ಈ ಲೆಕ್ಕವೊಂದರಿಂದಲೇ ಹೇಳಲಾಗದು, ಆದರೆ ಕಾಯುತ್ತ ಕೂರಲೂ ಆಗದು ಎಂದು ಮೇಡಂ ಬರೆದರು. ಬೋರ್‌ವೆಲ್ ಮುಚ್ಚಿದ್ದಾರೆ, ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತದೆ. ಪೀಪಾಯಿಗಳು ಈಗಲೂ ಅಲ್ಲೇ ಇವೆ.

ನಾನು ಹೇಳಬೇಕಾದದ್ದು ಅದಕ್ಕಿಂತ ಮುಂಚಿನದು, ಆ ಅಜ್ಜಿಯ ಸಹಿಯದು. ಎಲ್ಲ ಮನೆಗಳೂ ಮುಗಿದರೂ ಆ ಒಂದು ಮನೆ ಬಾಕಿ ಉಳಿಯಿತು. ಸೊಸೆ ತನ್ನ ಹಾಳೆಗೆ ಸಹಿ ಹಾಕಿಕೊಟ್ಟಿದ್ದಳು. ಅತ್ತೆ ಹಾಕುವುದಿಲ್ಲ ಅಂದರು.

“ನೋಡವ್ವ, ದೊಡ್ಡ್ ಮೊಮ್ಮಗಳು ಪಿಯುಸಿ ಓದ್ತಾವ್ಳೆ. ಇನ್ನೆಲ್ಡು ವರ್ಷಕ್ಕೆ ಕೇಳ್ಕೊಂಡ್ ಬರೋರು ಬತ್ತಾರೆ. ಈ ಮನೇಲಿ ಅದೈತೆ ಅಂತ ನೀನು ಬರ್ದಿಟ್ರೆ ನಾಳಿಕ್ಕೆ ಯಾವನು ಬಾಗ್ಲಿಗೆ ಬತ್ತಾನೆ?”

ಹೆಸರು ಹೊರಗೆ ಹೋಗುವುದಿಲ್ಲ ಎಂದೆ.

“ಹೆಸ್ರು ಹೋಗ್ದಿದ್ರೆ ಸಹಿ ಯಾಕವ್ವ ನಂದು?”

ಆ ನೀರನ್ನೇ ನಿಮ್ಮ ಮೊಮ್ಮಕ್ಕಳು ಕುಡಿಯುತ್ತಿದ್ದಾರೆ ಎಂದು ರೇಗಿದೆ. “ನಾವೂ ಕುಡುದ್ವಿ, ನಮ್ಮತ್ತೇನೂ ಕುಡುದ್ಲು,” ಎಂದು ಅವರೂ ರೇಗಿದರು. ಮಗನನ್ನು ಕೇಳಿದರೆ “ಅಮ್ಮನ್ನ ಕೇಳಿ ಮೇಡಂ,” ಅಂದ. ವಾರಕ್ಕೊಮ್ಮೆ ಮೂರು ಕ್ಯಾನು ನೀರು ಹೊತ್ತು ತರುವ ಗಂಡಸಿಗೆ ಅಮ್ಮನ ಮುಂದೆ ನಾಲ್ಕು ಮಾತಾಡಲು ಬರಲಿಲ್ಲ. ಅವನ ಮೇಲೆ ಕೋಪಿಸಿಕೊಳ್ಳಲೂ ನನಗೆ ಮನಸ್ಸಾಗಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ ಬರಿಗೈಯಲ್ಲಿ ಬಂದೆ.

ನಾಲ್ಕನೆಯ ಸಲ ಹೋಗುವ ಮೊದಲು ಸೊಸೆ ತೀರಿಕೊಂಡ ಸುದ್ದಿ ಬಂತು. ಕೊಟ್ಟ ಹೆಣ್ಣನ್ನು ತವರಿನ ನೆಲದಲ್ಲಿ ಮಣ್ಣು ಮಾಡುವುದಿಲ್ಲ. ಹೆಣವನ್ನು ವ್ಯಾನಿನಲ್ಲಿ ಗಂಡನ ಊರಿಗೆ ತಂದರು. ನಾನು ಹೋದಾಗ ಮನೆಯ ಮುಂದೆ ಮಲಗಿಸಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ಮುತ್ತೈದೆ ಸಾವು ಅನ್ನುತ್ತಿದ್ದರು. ಒಂದು ವರ್ಷದಿಂದ ಈ ಊರಿನವಳಲ್ಲದವಳು ಅವತ್ತು ಮತ್ತೆ ಈ ಊರಿನವಳಾದಳು. ಅವರ ಹೊಲದಲ್ಲೇ ಗುಂಡಿ ತೋಡಿದರು. ಪೀಪಾಯಿಗಳು ಅಲ್ಲಿಂದ ಕಾಣುತ್ತವೆ. ಚಿಕ್ಕ ಮಗಳು ಅಳಲಿಲ್ಲ, ದೊಡ್ಡವಳು ಅತ್ತಳು. ನಾನು ಪ್ಯಾಡು ತೆಗೆದುಕೊಂಡು ಹೋಗಿರಲಿಲ್ಲ.

ಹನ್ನೊಂದನೆಯ ದಿನದ ತಿಥಿ ಕಳೆದು ಎರಡು ದಿನಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದೆ. ಕೇಳಲೇಬೇಕೆಂದು ಹೋದದ್ದಲ್ಲ. ಮೇಡಂ ಕೂಡ, ಆ ಮನೆ ಬಿಟ್ಟುಬಿಡಿ, ಸಹಿ ಸಿಗಲಿಲ್ಲ ಎಂದು ಬರೆದು ಮುಗಿಸೋಣ ಅಂದಿದ್ದರು. ಮಗ ಕೆಲಸಕ್ಕೆ ಹೋಗಿದ್ದ, ಮಕ್ಕಳು ಮನೆಯಲ್ಲಿರಲಿಲ್ಲ. ಅಜ್ಜಿ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದರು.

“ಬಾ,” ಅಂದರು. “ತಂದಿದ್ಯಾ ಹಾಳೇನ?”

ಕೊಟ್ಟೆ. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. “ಹದಿನೇಳು ವರ್ಷ ಇದೇ ಮನೆ ನೀರು ಕುಡುದ್ಲು. ಬರ್ಕೊ,” ಅಂದರು. ಅವರ ಧ್ವನಿಯಲ್ಲಿ ಅಳು ಇರಲಿಲ್ಲ. ನಾನು ಹಾಳೆಯನ್ನು ಪ್ಯಾಡಿಗೆ ಸಿಕ್ಕಿಸಿಕೊಂಡು ಏಳಹೊರಟೆ.

“ಇನ್ನೊಂದು ಹಾಳೆ ಐತಾ?”

“ಯಾರಿಗೆ?”

“ಬಾಗ್ಲು ಮುಂದಕ್ ಮಾಡು.”

ಬಾಗಿಲು ಮುಂದಕ್ಕೆ ಮಾಡಿ ಬಂದೆ. ಅವರು ನನ್ನ ಕೈ ಹಿಡಿದು, ರವಿಕೆಯ ಮೇಲೆಯೇ, ಎಡಗಂಕುಳ ಕೆಳಗೆ ಇಟ್ಟುಕೊಂಡರು. ನಿಂಬೆಹಣ್ಣಿಗಿಂತ ದೊಡ್ಡದು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದುಕೊಳ್ಳಲಿಲ್ಲ. ಫಾರಂನಲ್ಲಿರುವ ಪ್ರಶ್ನೆಯನ್ನೇ ಕೇಳಿದೆ.

“ಎಷ್ಟು ದಿನದಿಂದ ಐತೆ?”

“ಅವ್ಳನ್ನ ಕಳಿಸೋಕ್ ಮುಂಚಿಂದ್ಲೂ ಐತೆ,” ಅಂದರು. “ಅವ್ಳಿಗೆ ತವರಿತ್ತು, ಕಳ್ಸುದ್ವಿ. ನಂಗ್ಯಾರವ್ರೆ ಅಲ್ಲಿ, ಎಲ್ಲಾ ಹೋದ್ರು. ಬಾಯ್ಬಿಟ್ಟಿದ್ರೆ ನನ್ನ ಎಲ್ಲಿಗ್ ಕಳಿಸೋರು ಹೇಳು?”